ಹಗುರದ್ದೊಂದು ಗಾಡಿ

ಜನವರಿ 9

ಅಣ್ಣಾ,

ಕಾಗದ ನೋಡಿ ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ನಾಲ್ಕು ತಿಂಗಳಿಂದ ನೀನು ಫೋನ್ ಎತ್ತುತ್ತಿಲ್ಲ. ನಿನ್ನ ಆ ಬಟನ್ ಫೋನಿಗೆ ಮೆಸೇಜ್ ಹಾಕೋದೂ ಗೋಡೆಗೆ ಹೇಳೋದೂ ಒಂದೇ. ಅದಕ್ಕೇ ಅಂಚೆ ಕಚೇರಿಗೆ ಹೋಗಿ ಲಕೋಟೆ ತಂದೆ. ಕೌಂಟರಿನಲ್ಲಿದ್ದಾಕೆ "ಯಾರಿಗೆ ಬರೀತೀರಿ ಈ ಕಾಲದಲ್ಲಿ?" ಅಂತ ಕೇಳಿದಳು. "ನಮ್ಮಣ್ಣನಿಗೆ, ಅವನು ಈ ಕಾಲದವನಲ್ಲ" ಅಂದೆ.

ವಿಷಯಕ್ಕೆ ಬರ್ತೀನಿ. ನನಗೊಂದು ಎರಡನೇ ಬೈಕ್ ಬೇಕು. "ಇರೋದನ್ನ ಒರೆಸೋಕೇ ಪುರುಸೊತ್ತಿಲ್ಲ, ಇನ್ನೊಂದಾ?" ಅಂತ ನೀನು ಹುಬ್ಬು ಏರಿಸೋದು ಇಲ್ಲಿಂದಲೇ ಕಾಣುತ್ತೆ. ಸ್ವಲ್ಪ ಕೇಳು. ನೀನೇ ಆರಿಸಿ ಕೊಡಿಸಿದ ನನ್ನ ಎಮ್ಮೆ ಇನ್ನೂರು ಕೆಜಿ ಹತ್ತಿರ ಇದೆ. ಮನೆಯಿಂದ ಹಲ್ಲಿನ ಲ್ಯಾಬಿಗೆ, ಲ್ಯಾಬಿಂದ ಮನೆಗೆ, ಅಷ್ಟಕ್ಕೆ ಅದು ರಾಣಿ. ಆದರೆ ಹೋದ ವಾರ ಲ್ಯಾಬಿನ ಹಿಂದಿನ ಅಂಗಳದಲ್ಲಿ ಸ್ಟ್ಯಾಂಡ್ ಜಾರಿ ಮಗುಚಿಕೊಂಡಿತು. ಪ್ಲಾಸ್ಟರ್ ಕಲಸೋಳೂ ಪಿಂಗಾಣಿ ಕುಲುಮೆಯವನೂ ಬಂದು ಎತ್ತಿದರು. ಇಪ್ಪತ್ತೆರಡು ವರ್ಷದಿಂದ ಊರವರ ಬಾಯಿಗೆಲ್ಲ ಹಲ್ಲು ಕಟ್ಟಿಕೊಟ್ಟವಳು ನಾನು, ಅವತ್ತು ಪಕ್ಕದಲ್ಲಿ ಹಲ್ಲು ಗಿಂಜುತ್ತಾ ನಿಂತಿದ್ದೆ.

ಶನಿವಾರ ಭಾನುವಾರ ಸುಮ್ಮನೆ ಖುಷಿಗೆ ಓಡಿಸೋಕೆ ಹಗುರದ್ದೊಂದು ಬೇಕು. ಊರ ಹೊರಗೆ ಕಲ್ಲು ತೆಗೆದು ಬಿಟ್ಟ ಹಳೇ ಗಣಿ ಇದೆ, ಅಲ್ಲಿಂದ ಕೆರೆ ದಂಡೆವರೆಗೆ ಮಣ್ಣಿನ ದಾರಿ. ಬಿದ್ದರೆ ಯಾರನ್ನೂ ಕರೆಯದೆ ಎತ್ತಿ ನಿಲ್ಲಿಸೋ ಹಾಗಿರಬೇಕು. ಮೂರು ನೋಡಿದ್ದೀನಿ. ಒಂದು ಶೋರೂಮಿನದು, ಹತ್ತೋಕೆ ಏಣಿ ಬೇಕು. ಇನ್ನೊಂದು ತಗ್ಗಾಗಿದೆ, ಆದರೆ ಹಾಲು ಹಾಕೋ ಗಾಡಿ ಥರ ಕಾಣುತ್ತೆ. ಮೂರನೆಯದು ಚೆನ್ನಾಗಿದೆ, ನೂರೈವತ್ತು ಕೆಜಿ. ನೂರೈವತ್ತು ಹಗುರಾನಾ ಭಾರಾನಾ? ಮೊಣಕಾಲು ನೋಯೋರಿಗೆ ಎಷ್ಟು ಎತ್ತರದ ಸೀಟು ಸರಿ? ನೀನಾಗಿದ್ದರೆ ಯಾವುದು ತಗೋತಿದ್ದೆ?

ಊಟ ಸರಿಯಾಗಿ ಮಾಡ್ತಿದ್ದೀಯಾ? ಅತ್ತಿಗೆ ತೀರಿಹೋದ ಮೇಲೆ ನೀನು ಏನು ತಿಂತೀಯೋ, ಯಾವಾಗ ತಿಂತೀಯೋ, ದೇವರಿಗೇ ಗೊತ್ತು.

ನಿನ್ನ
ಕಡ್ಡಿ


ಜನವರಿ 20

ಕಡ್ಡೀ,

ನಿನ್ನ ಕಾಗದ ಮೂರು ಸಲ ಓದಿದೆ. ಫೋನು ಕೆಳಗೆ ಬಿದ್ದು ಹಾಳಾಗಿದೆ. ರಿಪೇರಿಗೆ ಕೊಡೋಕೆ ಪುರುಸೊತ್ತಿಲ್ಲ. ಅಂಗಡಿ ಮುಂದೆ ರಿಪೇರಿಗೆ ಬಂದ ಗಾಡಿಗಳು ಸಾಲುಗಟ್ಟಿ ನಿಂತಿವೆ, ತಲೆ ಕೆರೆದುಕೊಳ್ಳೋಕೂ ಟೈಮಿಲ್ಲ. ನಿಜ ಹೇಳಬೇಕಂದರೆ ಕಾಗದವೇ ಚೆನ್ನ. ಹೀಗೇ ಬರೀತಾ ಇರು.

ಶೋರೂಮಿನವನು ಹೇಳೋ ತೂಕ ನಂಬಬೇಡ. ಪೆಟ್ರೋಲು, ಆಯಿಲ್ ಇಲ್ಲದೆ ತೂಗಿರ್ತಾರೆ. ಟ್ಯಾಂಕ್ ತುಂಬಿಸಿದ ಮೇಲೆ ಎಷ್ಟು ಅಂತ ಕೇಳು. ನೂರೈವತ್ತು ನಿನಗೆ ಭಾರ. ಟಾರು ರಸ್ತೆಯಲ್ಲಿ ಗೊತ್ತಾಗಲ್ಲ, ಮರಳಲ್ಲಿ ಮುಂದಿನ ಚಕ್ರ ಹೂತಾಗ ಗೊತ್ತಾಗುತ್ತೆ. ನೂರರ ಆಸುಪಾಸು ಇರಲಿ. ಸಿಂಗಲ್ ಸಿಲಿಂಡರ್ ಸಾಕು. ರೇಡಿಯೇಟರ್ ಇರೋದು ಬೇಡ, ಒಂದು ಕಲ್ಲು ಬಡಿದರೆ ಕಥೆ ಮುಗೀತು. ಸೀಟಿನ ಮೇಲೆ ಕೂತಾಗ ಎರಡೂ ಪಾದದ ಮುಂಭಾಗ ನೆಲಕ್ಕೆ ತಾಗಿದರೆ ಸಾಕು, ಹಿಮ್ಮಡಿ ಊರಲೇಬೇಕು ಅಂತಿಲ್ಲ. ಅಂದಹಾಗೆ ನಿನಗೆ ಯಾವಾಗಿಂದ ಮೊಣಕಾಲು ನೋವು? ನೋವು ಇರೋದು ನನಗೆ.

ಹೊಸದು ಬೇಡ. ಹೊಸ ಗಾಡಿಗೆ ಮೊದಲನೇ ಗೀರು ಬೀಳೋವರೆಗೆ ನೀನು ಅದನ್ನು ಓಡಿಸಲ್ಲ, ಕಾವಲು ಕಾಯ್ತೀಯ. ಹತ್ತು ಹದಿನೈದು ವರ್ಷದ ಹಳೇದು ನೋಡು, ಪಾರ್ಟ್ಸ್ ಸಿಗೋ ಅಂಥದ್ದು. ಮೊದಲನೇ ಗಾಡಿ ಹೊಟ್ಟೆಪಾಡಿಗೆ, ಅದು ಎಷ್ಟು ಭಾರ ಇದ್ದರೂ ಹೊರಲೇಬೇಕು. ಎರಡನೆಯದು ಸಂತೋಷಕ್ಕೆ. ಅದರ ಮೇಲಿಂದ ಬಿದ್ದರೂ ನಗು ಬರಬೇಕು, ಹಾಗಿರಬೇಕು.

ಊಟ ಮಾಡ್ತಿದ್ದೀನಿ.

ಅಣ್ಣ


ಫೆಬ್ರವರಿ 3

ಅಣ್ಣಾ,

ಎರಡು ಪುಟ! ಅತ್ತಿಗೆ ಹೋಗಿ ಎರಡು ವರ್ಷವಾಯ್ತು, ಅಷ್ಟು ದಿನದಲ್ಲಿ ನೀನು ನನ್ನ ಹತ್ತಿರ ಎರಡು ಪುಟದಷ್ಟು ಮಾತಾಡಿಲ್ಲ. ಆಗ ನಾನು ಮೂರೇ ದಿನ ಇದ್ದು ಹೊರಟುಬಂದೆ, ಅದೇ ಸಿಟ್ಟಿಗೆ ಫೋನ್ ಎತ್ತಲ್ಲ ಅಂದುಕೊಂಡಿದ್ದೆ. ಸಿಟ್ಟಿದ್ದರೆ ಬೈದುಬಿಡು. ಒಳಗೇ ಇಟ್ಟುಕೊಂಡು ಕೂರಬೇಡ.

ನೀನು ಹೇಳಿದ ಹಾಗೆ ಹಳೇದನ್ನೇ ಹುಡುಕಿದೆ. ಸಿಕ್ಕಿದ್ದು ಎಲ್ಲಿ ಗೊತ್ತಾ? ನಿಮ್ಮೂರಲ್ಲೇ! ಜಾನುವಾರು ಡಾಕ್ಟರೊಬ್ಬರದು. ಕೊಟ್ಟಿಗೆ ಕೊಟ್ಟಿಗೆಗೆ ಅದರಲ್ಲೇ ಸುತ್ತುತ್ತಿದ್ದರಂತೆ, ಈಗ ನಿವೃತ್ತಿಯಾಗಿದ್ದಾರೆ. ಹದಿನಾಲ್ಕು ವರ್ಷದ ಗಾಡಿ, ತೊಂಬತ್ತಾರು ಕೆಜಿ. ಫೋಟೋದಲ್ಲಿ ಒದ್ದೆ ಬೆಕ್ಕಿನ ಥರ ಇದೆ, ಬರೀ ಮೂಳೆ. ನೋಡಿದ ಕೂಡಲೇ ಇಷ್ಟವಾಯ್ತು.

ವಿಳಾಸ ಕೆಳಗಿದೆ, ಬಸ್ ಡಿಪೋ ಹಿಂದೆ. ಹೋಗಿ ಸ್ಟಾರ್ಟ್ ಮಾಡಿಸಿ ಒಂದೇ ಒಂದು ನಿಮಿಷ ಕೇಳು. ಗಾಡಿ ಇನ್ನೂ ಬೀದಿ ತಿರುವಿನಲ್ಲಿರುವಾಗಲೇ ಸದ್ದು ಕೇಳಿ ನೀನು ಸ್ಪ್ಯಾನರ್ ಆರಿಸಿಟ್ಟುಕೊಳ್ತಿದ್ದದ್ದನ್ನ ನಾನು ಕಣ್ಣಾರೆ ನೋಡಿದ್ದೀನಿ. ನೀನು ಹೂಂ ಅಂದರೆ ತಗೋತೀನಿ, ಊಹೂಂ ಅಂದರೆ ಬಿಡ್ತೀನಿ.

ಕಡ್ಡಿ


ಫೆಬ್ರವರಿ 11

ಕಡ್ಡೀ,

ಸಿಟ್ಟೇನೂ ಇಲ್ಲ.

ಯೋಚನೆ ಮಾಡಿ ನೋಡಿದೆ, ಹಳೇ ಗಾಡಿ ಸಹವಾಸ ಬೇಡ. ಶೋರೂಮಿನದೇ ತಗೋ, ವಾರಂಟಿ ಇರುತ್ತೆ. ಸೀಟು ಎತ್ತರವಾದರೆ ಫೋಮ್ ಕತ್ತರಿಸಿ ಇಳಿಸಿಕೊಡ್ತಾರೆ. ನನಗೆ ಈ ವಾರ ಡಿಪೋ ಕಡೆ ಹೋಗೋಕಾಗಲ್ಲ. ಮುಂದಿನ ವಾರಾನೂ ಕಷ್ಟ.

ಅಣ್ಣ


ಫೆಬ್ರವರಿ 19

ಅಣ್ಣಾ,

ಹೊಸದು ಬೇಡ ಅಂದವನೂ ನೀನೇ, ಹೊಸದೇ ತಗೋ ಅನ್ನೋನೂ ನೀನೇ. ಡಿಪೋ ನಿನ್ನ ಅಂಗಡಿಯಿಂದ ಹತ್ತು ನಿಮಿಷದ ನಡಿಗೆ. ನಿನ್ನ ಹತ್ತಿರ ನಾನು ಇಷ್ಟು ವರ್ಷದಲ್ಲಿ ಏನು ಕೇಳಿದ್ದೀನಿ ಹೇಳು.

ಇರಲಿ, ತೊಂದರೆ ಕೊಡಲ್ಲ. ಸೇತುವೆ ಹತ್ತಿರ ಒಬ್ಬನಿದ್ದಾನಲ್ಲ, ನಿನ್ನ ಹತ್ತಿರ ಕೆಲಸ ಕಲಿತು ನಿನಗೇ ಪೈಪೋಟಿಗೆ ಅಂಗಡಿ ಹಾಕಿದವನು. ಅವನ ಕೈಲೇ ನೋಡಿಸ್ತೀನಿ. ಗಾಡಿ ನೋಡು ಅಂದರೂ ನೀನು ಎದ್ದು ಹೊರಡಲ್ಲ ಅಂದ ಮೇಲೆ ಇನ್ನೇನು ಹೇಳಿ ನಿನ್ನನ್ನು ಮನೆಯಿಂದ ಹೊರಡಿಸಲಿ?

ಕಡ್ಡಿ


ಮಾರ್ಚ್ 2

ಕಡ್ಡೀ,

ಅವನ ಕೈಲಿ ನೋಡಿಸೋದು ಬೇಡ. ನಿನ್ನೆ ನಾನೇ ಹೋಗಿದ್ದೆ.

ಡಾಕ್ಟರು ಒಳ್ಳೆಯವರು, ಬಹಳ ಮಾತಿನವರು. ಗಾಡಿ ಪಕ್ಕ ನಿಂತು ಮಾತಾಡ್ತಾನೇ ಇದ್ದರು, ನಾನು ಆಯ್ತು ಆಯ್ತು ಅಂದುಕೊಂಡು ನನ್ನ ಪಾಡಿಗೆ ನನ್ನ ಕೆಲಸ ಮಾಡಿದೆ. ಚಾಸಿಗೆ ಬಿರುಕಿಲ್ಲ. ಮುಂದಿನ ಫೋರ್ಕಿನಲ್ಲಿ ಆಯಿಲ್ ಸೋರಿಲ್ಲ. ಚೈನು ಹೊಸದು. ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ, ನಿನ್ನ ಹೆಸರಿನವು ಒಂದೂ ಸಡಿಲವಿಲ್ಲ. ಹೊಗೆ ಕಪ್ಪೂ ಇಲ್ಲ, ಬಿಳಿಯೂ ಇಲ್ಲ. ಹಿಂಭಾಗ ಹಿಡಿದು ಒಂದೇ ಕೈಯಲ್ಲಿ ಎತ್ತಿದೆ, ನನ್ನ ಈ ವಯಸ್ಸಿಗೂ ಬಂತು.

ಎಂಜಿನ್ ಕೇಳಿದೆ. ಗಡಿಯಾರದ ಹಾಗಿದೆ. ತಗೋ. ದುಡ್ಡಿನ ಮಾತು ಡಾಕ್ಟರ ಹತ್ತಿರ ನೀನೇ ಆಡು, ಲಾರಿಗೆ ನಾನು ಹಾಕಿಸ್ತೀನಿ. ಸೇತುವೆ ಹತ್ತಿರದವನಿಗೆ ಫೋನ್ ಗೀನ್ ಮಾಡಿ ನನ್ನ ವಿಷಯ ವಿಚಾರಿಸೋಕೆ ಹೋಗಬೇಡ.

ಅಣ್ಣ


ಮಾರ್ಚ್ 24

ಅಣ್ಣಾ,

ಬಂತು! ಲಾರಿಯವನು ಇಳಿಸಿಕೊಟ್ಟು ಹೋದ ಕೂಡಲೇ ಅಂಗಳದಲ್ಲೇ ಎರಡು ಸುತ್ತು ಹಾಕಿದೆ. ಭಾನುವಾರ ಗಣಿ ಕಡೆ ಹೋಗಿದ್ದೆ, ಲ್ಯಾಬಿನ ಕುಲುಮೆಯವನೂ ತನ್ನ ಗಾಡಿಯಲ್ಲಿ ಬಂದಿದ್ದ. ಮಣ್ಣಿನ ದಾರಿಯಲ್ಲಿ ಎದ್ದು ನಿಂತು ಓಡಿಸಿದೆ, ನೀನು ಕಲಿಸಿದ ಹಾಗೇ, ಮೊಣಕಾಲು ಸ್ವಲ್ಪ ಬಗ್ಗಿಸಿ, ಕಣ್ಣು ದೂರಕ್ಕಿಟ್ಟು. ಎರಡು ಸಲ ಬಿದ್ದೆ. ಎರಡು ಸಲವೂ ನಗು ಬಂತು. ಎತ್ತಿ ನಿಲ್ಲಿಸೋಕೆ ಯಾರೂ ಬೇಕಾಗಲಿಲ್ಲ. ಎಷ್ಟು ವರ್ಷವಾಗಿತ್ತೋ ಹಾಗೆ ಮೈ ಮರೆತು.

ನಿನ್ನ ಆಯ್ಕೆ ಕಣೋ ಅಣ್ಣಾ, ಬೇರೆ ಮಾತೇ ಇಲ್ಲ.

ಒಂದು ವಿಷಯ. ಏರಿನಲ್ಲಿ ಎಂಜಿನ್ ಮೇಲೆ ಭಾರ ಬಿದ್ದಾಗ ಅಡಿಯಿಂದ ಟಕಟಕ ಅಂತ ಒಂದು ಸದ್ದು ಬರುತ್ತೆ. ಬಿಸಿಯಾದ ಮೇಲೆ ಜಾಸ್ತಿ. ಕುಲುಮೆಯವನು ಒಮ್ಮೆ ಬಿಚ್ಚಿಸಿ ನೋಡಿಸಿ ಅಂತಾನೆ. ನೀನು ಕೇಳಿದಾಗಲೂ ಈ ಸದ್ದು ಇತ್ತಲ್ವಾ? ನೀನು ಹೂಂ ಅಂದ ಎಂಜಿನ್ನಿಗೆ ಇನ್ನೊಬ್ಬರು ಸ್ಪ್ಯಾನರ್ ಹಾಕೋದು ನನಗಿಷ್ಟವಿಲ್ಲ. ನೀನು ಬರೆಯೋವರೆಗೆ ನಿಲ್ಲಿಸಿರ್ತೀನಿ.

ಮುಂದಿನ ತಿಂಗಳು ಬಂದು ಹೋಗು. ಬರಲೇಬೇಕು. ಒಂದು ಕೆಲಸವಿದೆ, ಬಂದಾಗ ಹೇಳ್ತೀನಿ.

ಕಡ್ಡಿ


ಏಪ್ರಿಲ್ 2

ಕಡ್ಡೀ,

ಅದು ಟ್ಯಾಪೆಟ್ ಸದ್ದು, ವಾಲ್ವ್ ತಳ್ಳೋ ಸಣ್ಣ ಭಾಗ, ಅದರಿಂದ ಅಪಾಯವಿಲ್ಲ. ಹಳೇ ಗಾಡಿ ಅಂದ ಮೇಲೆ ಅಷ್ಟು ಇರುತ್ತೆ. ಬಿಚ್ಚಿಸೋದು ಬೇಡ, ಚೆನ್ನಾಗಿರೋದನ್ನ ಕೆಡಿಸ್ತಾರೆ. ಧೈರ್ಯವಾಗಿ ಓಡಿಸು.

ಬರೋದು ಈಗ ಕಷ್ಟ, ಅಂಗಡಿ ಬಿಟ್ಟು ಬರೋಕಾಗಲ್ಲ.

ಅಣ್ಣ


ಮೇ 29

ಅಣ್ಣಾ,

ಎಡಗೈಯಲ್ಲಿ ಬರೀತಿದ್ದೀನಿ, ಅಕ್ಷರ ಸೊಟ್ಟಗಿದೆ. ಇಷ್ಟು ಬರೆಯೋಕೆ ಎರಡು ದಿನ ಹಿಡೀತು.

ಏಪ್ರಿಲ್ 13ರಂದು ಗಣಿಯ ಇಳಿಜಾರಿನಲ್ಲಿ ಎಂಜಿನ್ ಒಂದೇ ಸಲಕ್ಕೆ ಜಾಮ್ ಆಯ್ತು. ಹಿಂದಿನ ಚಕ್ರ ಹಿಡಿದುಕೊಂಡಿತು. ಕ್ಲಚ್ ಹಿಡಿಯೋಕೆ ಬೆರಳು ಚಾಚೋದರೊಳಗೆ ಎಸೆದಿತ್ತು. ಬಲ ಮಣಿಕಟ್ಟು ಎರಡು ಕಡೆ ಮುರಿದಿದೆ, ಒಳಗೆ ಪ್ಲೇಟ್ ಹಾಕಿದ್ದಾರೆ. ಮೂಳೆ ಕೂಡಿಕೊಳ್ಳುತ್ತಂತೆ. ನರ ಜಜ್ಜಿಹೋಗಿದೆ. ಹೆಬ್ಬೆಟ್ಟು ಮತ್ತೆ ಪಕ್ಕದ ಎರಡು ಬೆರಳಿಗೆ ಸ್ಪರ್ಶವಿಲ್ಲ. ಮೊನ್ನೆ ಲ್ಯಾಬಿಗೆ ಹೋಗಿ ನೋಡಿದೆ. ಪಿಂಗಾಣಿ ಹಚ್ಚೋ ಬ್ರಶ್ ಹಿಡಿದಿದ್ದೀನೋ ಇಲ್ಲವೋ ಕಣ್ಣಿಟ್ಟು ನೋಡಿದರೇ ಗೊತ್ತಾಗೋದು. ಬ್ರಶ್ ಬಿತ್ತು.

ಕುಲುಮೆಯವನು ಎಂಜಿನ್ ಬಿಚ್ಚಿಸಿದ. ಅಡಿಯ ಬೇರಿಂಗ್ ಪುಡಿಪುಡಿಯಾಗಿದೆ. ನಾನು ಜಾನುವಾರು ಡಾಕ್ಟರಿಗೆ ಫೋನ್ ಮಾಡಿ ಕೂಗಾಡಿದೆ. ಅವರು ಹೇಳಿದ್ದನ್ನ ಹಾಗೇ ಬರೀತೀನಿ: "ನೋಡಿ ತಾಯಿ, ನಾನೇನೂ ಮುಚ್ಚಿಟ್ಟಿಲ್ಲ. ಬೇರಿಂಗ್ ಸವೆದಿದೆ, ಹೊಸದು ಹಾಕಿಸದೆ ಓಡಿಸಬೇಡಿ ಅಂತ ನಿಮ್ಮಣ್ಣನಿಗೆ ಗಾಡಿ ಪಕ್ಕ ನಿಂತು ಎರಡು ಸಲ ಹೇಳಿದೆ. ಆಯ್ತು ಆಯ್ತು ಅಂದರು."

ನಿಜಾನಾ?

ಕಡ್ಡಿ


ಜೂನ್ 7

ಕಡ್ಡೀ,

ಕಾಗದದಲ್ಲಿ ಆಗಲ್ಲ. ಹೊರಟು ಬರ್ತಿದ್ದೀನಿ.

ಅಣ್ಣ


ಜೂನ್ 22

ಕಡ್ಡೀ,

ನಿನ್ನ ಮನೆ ಬಾಗಿಲಿಗೆ ಬಂದು ವಾಪಸಾಗಿ ಹತ್ತು ದಿನವಾಯ್ತು. ಬಾಗಿಲಲ್ಲಿ ಹೇಳಬೇಕಿದ್ದದ್ದನ್ನು ಈಗ ಬರೀತಿದ್ದೀನಿ.

ನನಗೆ ಕಿವಿ ಕೇಳಿಸಲ್ಲ.

ಎಡಗಿವಿ ನಿಮ್ಮತ್ತಿಗೆ ಇರುವಾಗಲೇ ಹೋಗಿತ್ತು. ಅವಳು ಯಾವಾಗಲೂ ನನ್ನ ಬಲಗಡೆ ಕೂತು ಮಾತಾಡೋಳು, ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ. ಬಲಗಿವಿ ಹೋದ ವರ್ಷ ಪೂರ್ತಿ ಹೋಯ್ತು. ಮೆಷಿನ್ ಹಾಕಿಕೊಂಡರೂ ಉಪಯೋಗವಿಲ್ಲ ಅಂತ ಕಿವಿ ಡಾಕ್ಟರು ಅಂದರು. ನಲವತ್ತು ವರ್ಷ ಎಂಜಿನ್ನುಗಳ ಪಕ್ಕ ಕಿವಿಯಿಟ್ಟದ್ದಕ್ಕೆ ನರ ಸತ್ತಿದೆಯಂತೆ. ಒಬ್ಬ ಗಿರಾಕಿ ಅಂಗಡಿಗೆ ಬಂದು ಬೈದು ಹೋದ, ನಾನು ಅವನು ಹೊಗಳ್ತಿದ್ದಾನೆ ಅಂದುಕೊಂಡು ಕೈ ಮುಗಿದೆ. ಸುತ್ತ ಇದ್ದವರು ನಕ್ಕಾಗ ಅರ್ಥವಾಯ್ತು. ಮಾರನೇ ದಿನ ಅಂಗಡಿ ಮುಚ್ಚಿದೆ. ಸಾಲುಗಟ್ಟಿದ ಗಾಡಿಗಳು ಅಂತ ಬರೆದದ್ದೆಲ್ಲ ಸುಳ್ಳು. ಫೋನು ಕೆಟ್ಟಿಲ್ಲ.

ಜಾನುವಾರು ಡಾಕ್ಟರು ಹೇಳಿದ್ದು ನಿಜವೇ ಇರಬೇಕು. ಅವರ ಬಾಯಿ ಆಡ್ತಿತ್ತು. ನಾನು ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ ಇಟ್ಟು, ಹಿಡಿಯನ್ನು ಹಲ್ಲಲ್ಲಿ ಕಚ್ಚಿ ನೋಡಿದೆ. ಏನೋ ನಡುಕ ಬಂತು, ಒಂದೇ ಸಮ ಇದೆ ಅನ್ನಿಸಿತು. ಟ್ಯಾಂಕಿನ ಮೇಲೆ ಕೈಯಿಟ್ಟೆ. ಗೊತ್ತಾಗುತ್ತೆ ಅಂತ ನನಗೆ ನಾನೇ ಹೇಳಿಕೊಂಡೆ. ಊರೆಲ್ಲ ನನ್ನನ್ನ ಕಿವಿ ಮೇಸ್ತ್ರಿ ಅಂತ ಕರೀತಿದ್ದರು. ನೀನಾದರೂ ಹಾಗೇ ಅಂದುಕೊಂಡಿರಲಿ ಅನ್ನೋ ಆಸೆ.

ಆದರೂ ನನ್ನ ದೊಡ್ಡ ತಪ್ಪು ಅದಲ್ಲ. ಟಕಟಕ ಅನ್ನುತ್ತೆ ಅಂತ ನೀನು ಬರೆದಾಗ, ಏರಿನಲ್ಲಿ, ಅಡಿಯಿಂದ, ಬಿಸಿಯಾದ ಮೇಲೆ ಜಾಸ್ತಿ ಅಂತ ಬರೆದಾಗ, ಬೇರಿಂಗ್ ಹೋಗಿದೆ ಅಂತ ನನಗೆ ಅರ್ಥವಾಯ್ತು. ಅದನ್ನು ತಿಳಿಯೋಕೆ ಕಿವಿ ಬೇಕಿರಲಿಲ್ಲ. ಇಡೀ ದಿನ ಕಾಗದ ಮುಂದಿಟ್ಟುಕೊಂಡು ಕೂತೆ. "ಓಡಿಸಬೇಡ" ಅಂತ ಬರೆದರೆ "ಹಾಗಾದರೆ ಅವತ್ತು ನೀನು ಕೇಳಿದ್ದೇನು?" ಅಂತ ನೀನು ಕೇಳ್ತೀಯ. ಅದೊಂದು ಪ್ರಶ್ನೆಗೆ ಹೆದರಿ ಟ್ಯಾಪೆಟ್ ಅಂತ ಬರೆದೆ. ಏನೂ ಆಗಲಿಕ್ಕಿಲ್ಲ ಅಂದುಕೊಂಡೆ.

ನಿನ್ನ ಬಾಗಿಲಲ್ಲಿ ಬೆಲ್ ಒತ್ತಿದೆ, ಸದ್ದಾಯ್ತೋ ಇಲ್ಲವೋ ತಿಳೀಲಿಲ್ಲ, ಒತ್ತುತ್ತಲೇ ಇದ್ದೆ. ನೀನು ತೆಗೆದೆ. ಪಟ್ಟಿ ಕಟ್ಟಿದ ಕೈ ನೋಡಿ ಹೇಳಬೇಕು ಅಂತ ಬಂದದ್ದೆಲ್ಲ ಮರೆತುಹೋಯ್ತು. ನೀನು ಏನೋ ಕೇಳಿದೆ. ಬಂದದ್ದು ಯಾವ ಬಸ್ಸಿಗೆ, ಊಟ ಆಯ್ತಾ, ಅಂಥದ್ದೇನೋ ಇರಬೇಕು ಅಂತ ತಲೆಯಾಡಿಸಿದೆ. ಎಲ್ಲರಿಗೂ ಹಾಗೇ ಮಾಡಿ ಮಾಡಿ ರೂಢಿಯಾಗಿದೆ. ನಕ್ಕೆ ಬೇರೆ. ನೀನು ಇನ್ನೊಂದು ಮಾತು ಕೇಳಿದೆ, ಅದಕ್ಕೂ ತಲೆಯಾಡಿಸಿದೆ. ಆಮೇಲೆ ನೀನು ಬಾಗಿಲು ಹಾಕಿದೆ. ಕುಡಿಯೋಕೆ ಏನಾದರೂ ತರೋಕೆ ಹೋದೆಯೇನೋ ಅಂದುಕೊಂಡು ಮೆಟ್ಟಿಲ ಮೇಲೆ ಒಂದು ಗಂಟೆ ಕೂತಿದ್ದೆ.

ಏನು ಕೇಳಿದೆ, ಕಡ್ಡೀ? ಬರೆದು ತಿಳಿಸು. ಅದು ಏನೇ ಇದ್ದರೂ ನನ್ನ ಉತ್ತರ ಅದಾಗಿರಲಿಲ್ಲ. ನೀನು ಒಂದು ಸಾಲು ಬರೆದರೆ ಸಾಕು, ಮತ್ತೆ ಬರ್ತೀನಿ.

ಅಣ್ಣ


ಜುಲೈ 18

ಅಣ್ಣಾ,

ಬಾಗಿಲಲ್ಲಿ ನಾನು ಕೇಳಿದ್ದು ಇದು: "ಡಾಕ್ಟರು ಹೇಳಿದ್ದು ನಿಜಾನಾ? ಗೊತ್ತಿದ್ದೂ ಓಡಿಸು ಅಂತ ಬರೆದೆಯಾ?"

ನೀನು ನಕ್ಕು ತಲೆಯಾಡಿಸಿದೆ.

ಎರಡನೆಯದು: "ನನ್ನ ಕೈ ಹೀಗಾಗಿರೋದನ್ನ ನೋಡಿಯೂ ನಗು ಬರುತ್ತಾ ನಿನಗೆ?" ಅದಕ್ಕೂ ತಲೆಯಾಡಿಸಿದೆ. ಆಮೇಲೆ ಬಾಗಿಲು ಹಾಕಿದೆ. ನೀನು ಮೆಟ್ಟಿಲ ಮೇಲೆ ಕೂತಿದ್ದದ್ದು ಕಿಟಕಿಯಿಂದ ಕಾಣ್ತಿತ್ತು. ಎದ್ದು ಹೋಗೋವರೆಗೆ ನೋಡ್ತಾ ನಿಂತಿದ್ದೆ.

ನಿನ್ನ ಕಾಗದ ಬಂದು ಮೂರು ವಾರವಾಯ್ತು. ಎಲ್ಲ ನಂಬಿದ್ದೀನಿ. ನಂಬಿದ ಮೇಲೆ ಸಮಾಧಾನ ಆಗುತ್ತೇನೋ ಅಂತ ಕಾದೆ. ಉತ್ತರ ಅದಾಗಿರಲಿಲ್ಲ ಅಂತೀಯ. ನಿನ್ನ ಕಾಗದ ಓದಿದರೆ ಉತ್ತರ ಅದೇ ಆಗುತ್ತೆ, ಅಣ್ಣಾ. ಕಿವಿ ಹೋದದ್ದಕ್ಕೆ ನಿನ್ನ ಮೇಲೆ ನನಗೇನೂ ಇಲ್ಲ. ನನಗೆ ಮೊದಲೇ ಹೇಳಿದ್ದರೆ ನಿನ್ನ ಬಲಗಡೆಯೋ ಎಡಗಡೆಯೋ ಎಲ್ಲಿ ಬೇಕೋ ಅಲ್ಲಿ ಕೂರ್ತಿದ್ದೆ. ಆದರೆ ಟ್ಯಾಪೆಟ್ ಅಂತ ಒಂದು ಪದ ಬರೆದೆಯಲ್ಲ, ಅದನ್ನು ದಾಟೋಕೆ ನನ್ನಿಂದ ಆಗ್ತಿಲ್ಲ. ಪ್ರಯತ್ನ ಪಟ್ಟೆ.

ನಾನೂ ಒಂದು ಮುಚ್ಚಿಟ್ಟಿದ್ದೆ. ನೀನು ಅಂಗಡಿ ಮುಚ್ಚಿದ್ದು ನನಗೆ ಗೊತ್ತಿತ್ತು. ಪಕ್ಕದ ಟೈರಿನಂಗಡಿಯವರು ಹೇಳಿದ್ದರು. ಅತ್ತಿಗೆಯ ದುಃಖಕ್ಕೆ ಮುಚ್ಚಿದೆ ಅಂತ ಅವರೂ ಅಂದುಕೊಂಡಿದ್ದರು, ನಾನೂ ಅಂದುಕೊಂಡೆ. ನನಗೆ ಎರಡನೇ ಗಾಡಿ ಬೇಕಿರಲಿಲ್ಲ. ಅದು ನಿನಗೆ. ಸುಮ್ಮನೆ ಬಾ ಅಂದರೆ ನೀನು ಬರೋನಲ್ಲ. ಗಾಡಿ ನೀನೇ ಆರಿಸಿದರೆ, ಅದನ್ನ ನೋಡೋಕಾದರೂ ಬರ್ತೀಯ, ಬಂದ ಮೇಲೆ ಬಿಡಲ್ಲ ಅಂತ ಲೆಕ್ಕ ಹಾಕಿದ್ದೆ. ಮುಂದಿನ ಕೋಣೆ ಖಾಲಿ ಮಾಡಿಸಿ ಸುಣ್ಣ ಹೊಡೆಸಿದ್ದೆ. ಎಮ್ಮೆ ಮೇಲೆ ನಾನು, ಹಗುರದ್ದರ ಮೇಲೆ ನೀನು, ಭಾನುವಾರ ಭಾನುವಾರ ಕೆರೆ ದಂಡೆವರೆಗೆ. ಬಂದಾಗ ಹೇಳ್ತೀನಿ ಅಂತ ಬರೆದಿದ್ದ ಆ ಕೆಲಸ ಇಷ್ಟೇ. ನಿನಗೆ ಹೇಳಿದ್ದರೆ ನೀನೂ ನಿನ್ನದನ್ನು ಹೇಳ್ತಿದ್ದೆಯೇನೋ. ಈಗ ಹೇಳಿ ಪ್ರಯೋಜನವಿಲ್ಲ.

ಲ್ಯಾಬಿನಲ್ಲಿ ನನ್ನ ಮೇಜಿಗೆ ಇನ್ನೊಬ್ಬಳು ಬಂದಿದ್ದಾಳೆ. ಚೆನ್ನಾಗಿ ಕೆಲಸ ಮಾಡ್ತಾಳೆ. ಬೆರಳಿಗೆ ಇನ್ನು ಸ್ಪರ್ಶ ಬರಲ್ಲ ಅಂತ ಕೈ ಡಾಕ್ಟರು ಹೋದ ವಾರ ಹೇಳಿಬಿಟ್ಟರು. ಎರಡೂ ಗಾಡಿ ಮಾರಿದೆ. ಈ ಮನೆ ಬಿಟ್ಟು ಇನ್ನೊಂದು ಚಿಕ್ಕದಕ್ಕೆ ಹೋಗ್ತಿದ್ದೀನಿ. ವಿಳಾಸ ಲಕೋಟೆಯ ಹಿಂದೆ ಬರೆದಿದ್ದೀನಿ. ಕಾಗದ ಹಾಕೋದಿದ್ದರೆ ಹಾಕು, ಓದ್ತೀನಿ. ಉತ್ತರ ಬರೀತೀನಿ ಅಂತ ಹೇಳಲಾರೆ.

ಬರ್ತೀನಿ ಅಂದಿದ್ದೀಯ. ಬರಬೇಡ. ಬಂದರೆ ನಾನು ಕೇಳದೆ ಇರೋಕಾಗಲ್ಲ, ನೀನು ತಲೆಯಾಡಿಸದೆ ಇರಲ್ಲ.

ತಂಗಿ